ಆತ್ಮಕ್ಕೆ ಜಾತಿಯಿಲ್ಲ, ಸ್ಮಶಾನಕ್ಕಿದೆ

ಸತ್ತ ಮೇಲೆ ಮನುಷ್ಯ ಏನಾಗುತ್ತಾನೆ? ಸಾವಿರಾರು ವರ್ಷ ಕೂತು ಈ ಪ್ರಶ್ನೆಯನ್ನು ಚರ್ಚಿಸಿದವರು ಹೊಟ್ಟೆ ತುಂಬಿದವರು. ನಮ್ಮ ಜನ ಕೇಳುವ ಮೊದಲೇ ಅವರಿಗೆ ಉತ್ತರ ಕೊಟ್ಟಾಗಿತ್ತು. ‘ಹೋದ ಜನ್ಮದಾಗ ಪಾಪ ಮಾಡೀರಿ, ಅದಕ್ಕ ಈ ಕೇರ್ಯಾಗ ಹುಟ್ಟೀರಿ. ಬಾಯಿ ಮುಚ್ಚಿ ದುಡೀರಿ, ಮುಂದಿನ ಜನ್ಮದಾಗ ಚೊಲೊ ಆಗತೈತಿ.’ ಆತ್ಮ ಎಂಬುದು ನಮ್ಮ ಪಾಲಿಗೆ ತತ್ವವಾಗಿ ಬರಲಿಲ್ಲ, ಸಾಲದ ಪತ್ರವಾಗಿ ಬಂತು. ರುಜು ಹಾಕಿದ್ದು ಕಾಣದ ಜನ್ಮದಲ್ಲಿ, ಬಡ್ಡಿ ಮಾತ್ರ ಈ ಜನ್ಮದ ಬೆನ್ನ ಮೇಲೆ. ಹೀಗಿರುವಾಗ ಈ ಪ್ರಶ್ನೆಯನ್ನು ಪಂಡಿತರಿಗೆ ಬಿಟ್ಟು ನಾವು ಸುಮ್ಮನೆ ಕೂರುವುದು ಹೇಗೆ?

ಬೆಳಗಾವಿಯಲ್ಲಿ ಈ ಪ್ರಶ್ನೆ ಎದ್ದದ್ದು ಸ್ಮಶಾನದಲ್ಲೇ. 2014ರ ಡಿಸೆಂಬರ್ 6, ಅಂಬೇಡ್ಕರ್ ತೀರಿಕೊಂಡ ದಿನ. ಸದಾಶಿವನಗರದ ಸ್ಮಶಾನದಲ್ಲಿ ಸತೀಶ ಜಾರಕಿಹೊಳಿ ಮತ್ತು ಮಾನವ ಬಂಧುತ್ವ ವೇದಿಕೆಯವರು ಜನರೊಂದಿಗೆ ಉಂಡರು, ಇರುಳು ಅಲ್ಲೇ ಕಳೆದರು. ಯಾವ ದೆವ್ವವೂ ಬರಲಿಲ್ಲ. ಮುಂದಿನ ವರ್ಷಗಳಲ್ಲೂ ಅದು ನಡೆಯಿತು. ರಾಜಕಾರಣಿ ಮಾಡಿದ್ದು ಅಂತ ಮೂಗು ಮುರಿಯುವವರು ಮುರಿಯಲಿ. ದೆವ್ವದ ಭಯವನ್ನೇ ಬಂಡವಾಳ ಮಾಡಿಕೊಂಡು ಬಡವರ ಕೋಳಿ, ಕುರಿ, ಕೂಲಿ ನುಂಗುವವರಿಗೆ ಅದು ಕೊಟ್ಟ ಪೆಟ್ಟು ಸಣ್ಣದಲ್ಲ. ವಾಮಾಚಾರದ ವಿರುದ್ಧದ ಮಸೂದೆಯನ್ನು ವಿಧಾನಸಭೆ 2017ರ ನವೆಂಬರಿನಲ್ಲಿ ಒಪ್ಪಿದ್ದೂ ಬೆಳಗಾವಿಯ ಅಧಿವೇಶನದಲ್ಲೇ.

ಆದರೆ ಗೆಳೆಯರೇ, ದೆವ್ವ ಓಡಿಸುವುದು ಅರ್ಧ ಕೆಲಸ. ದೆವ್ವ ರಾತ್ರಿ ಮಾತ್ರ ಹೆದರಿಸುತ್ತದೆ. ಕರ್ಮಸಿದ್ಧಾಂತ ಹಾಡಹಗಲೇ ಆಳುತ್ತದೆ. ಅದನ್ನು ಹಿಡಿಯುವ ಕಾನೂನು ಯಾವುದೂ ಇಲ್ಲ. ಅದನ್ನು ವಿಚಾರದಿಂದಲೇ ಎದುರಿಸಬೇಕು. ಇದೇ ಜಗಳವನ್ನು ಬೇರೆ ಜನ ಹೇಗೆ ಆಡಿದರು ಅಂತ ತಿಳಿಯುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಾವು ಯಹೂದಿಗಳ ಕಡೆ ನೋಡುವುದು ಅದಕ್ಕೇ. ಅವರು ನಮಗೆ ಪೂರಾ ಪರಕೀಯರೂ ಅಲ್ಲ. ಖಾನಾಪುರದ ಘಟ್ಟ ಇಳಿದು ಕೊಂಕಣದಲ್ಲಿ ಬಡಗಲಿಗೆ ನಡೆದರೆ ಬೆನೆ ಇಸ್ರೇಲಿಗಳ ಹಳ್ಳಿಗಳು ಸಿಗುತ್ತಿದ್ದವು. ಅವರ ಕಸುಬು ಗಾಣ. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಅವರಿಗೆ ‘ಶನಿವಾರ ತೇಲಿ’ ಎಂಬ ಹೆಸರಾಯಿತು.

ಹಳೆಯ ಹೀಬ್ರೂವಿನಲ್ಲಿ ‘ನೆಫೆಶ್’ ಅಂದರೆ ಜೀವ. ಮೈಬಿಟ್ಟು ಹಾರಿಹೋಗುವ ಹಕ್ಕಿಯಲ್ಲ ಅದು; ಉಸಿರಾಡುವ, ಹಸಿಯುವ ಮನುಷ್ಯನೇ ನೆಫೆಶ್. ನಮ್ಮವರು ‘ಪಾಪ, ಬಡಜೀವ’ ಅಂತಾರಲ್ಲ, ಹಾಗೆ. ಪರಲೋಕ, ಪುನರುತ್ಥಾನದ ಚರ್ಚೆ ಬಲವಾದದ್ದು ಆಮೇಲೆ. ಹತ್ತನೆಯ ಶತಮಾನದಲ್ಲಿ ಬ್ಯಾಬಿಲೋನಿನ ಸಾದಿಯಾ ಎಂಬ ಪಂಡಿತ ಪುನರ್ಜನ್ಮದ ವಾದವನ್ನು ನೇರವಾಗಿ ಕೈಗೆತ್ತಿಕೊಂಡ. ಎಳೆಗೂಸು ನರಳುವುದು ಹಿಂದಿನ ಜನ್ಮದ ಪಾಪಕ್ಕೆ ಎನ್ನುವವರನ್ನು ಅವನು ಒಪ್ಪಲಿಲ್ಲ. ನರಳಿದ ಮಗುವಿಗೆ ದೇವರು ಪರಿಹಾರ ಕೊಡಬೇಕಾಗುತ್ತದೆ ಅಂದ. ಇದನ್ನು ಗಮನಿಸಿ: ಅವನ ಲೆಕ್ಕದಲ್ಲಿ ಮಗು ಸಾಲಗಾರನಲ್ಲ, ದೇವರೇ ಸಾಲಗಾರ! ದೇವರನ್ನು ನಂಬುವ, ಬಿಡುವ ಮಾತು ಬೇರೆ. ನೊಂದವನನ್ನೇ ಅಪರಾಧಿ ಮಾಡದ ಈ ನ್ಯಾಯ ನಮಗೆ ಮುಖ್ಯ. ಆಮೇಲಿನ ಯಹೂದಿ ಅನುಭಾವಿಗಳಲ್ಲಿ ಪುನರ್ಜನ್ಮದ ನಂಬಿಕೆ ಮತ್ತೆ ಬೆಳೆಯಿತೆಂಬುದನ್ನೂ ಮರೆಯುವಂತಿಲ್ಲ.

ಪ್ರಶ್ನೆ ಕೇಳಿದವರನ್ನು ಅಲ್ಲಿಯ ಗುರುಶಾಹಿಯೂ ಬಿಡಲಿಲ್ಲ. ಆತ್ಮ ಅಮರವಲ್ಲ ಎಂದು ಬರೆದ ಉರಿಯೆಲ್ ಡ ಕೋಸ್ಟಾನನ್ನು ಆಮ್‌ಸ್ಟರ್‌ಡಾಂನವರು ಬಹಿಷ್ಕರಿಸಿದರು. ತಿರುಗಿ ಒಳಗೆ ಸೇರಿಸಿಕೊಳ್ಳಲು ಪ್ರಾರ್ಥನಾ ಮಂದಿರದಲ್ಲಿ 39 ಏಟು ಹೊಡೆದು, ಹೊಸ್ತಿಲ ಮೇಲೆ ಮಲಗಿಸಿ, ಜನರಿಂದ ದಾಟಿಸಿದರು. 1640ರಲ್ಲಿ ಆತ ತಾನೇ ಗುಂಡು ಹಾರಿಸಿಕೊಂಡು ಸತ್ತ. 1656ರಲ್ಲಿ ಸ್ಪಿನೋಜಾನಿಗೂ ಅಲ್ಲೇ ಬಹಿಷ್ಕಾರ. ಬಹಿಷ್ಕಾರ ಎಂಬ ಶಬ್ದದ ಭಾರ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೂ ಅವರಿಂದ ನಾವು ಕಲಿಯಬೇಕಾದ್ದು ಆತ್ಮದ ವಾದಕ್ಕಿಂತ ಹೆಚ್ಚಾಗಿ ಹೆಣದ ವಿಚಾರದಲ್ಲಿದೆ. ಅವರ ತಾಲ್ಮುದ್ ಗ್ರಂಥದಲ್ಲಿ ಒಂದು ಸಂಗತಿ ಬರುತ್ತದೆ. ಒಂದು ಕಾಲಕ್ಕೆ ಶವಸಂಸ್ಕಾರದ ಖರ್ಚು ಸಾವಿಗಿಂತ ಭಾರವಾಗಿ, ಬಂಧುಗಳು ಹೆಣ ಬಿಟ್ಟು ಓಡಿಹೋಗುತ್ತಿದ್ದರಂತೆ. ಆಗ ಗಮಲಿಯೇಲ್ ಎಂಬ ಹಿರಿಯ ಗುರು ತನ್ನ ಹೆಣವನ್ನು ಸಾದಾ ನಾರುಬಟ್ಟೆಯಲ್ಲೇ ಒಯ್ಯುವಂತೆ ಮಾಡಿದ. ಅಲ್ಲಿಂದ ಉಳ್ಳವನಿಗೂ ಇಲ್ಲದವನಿಗೂ ಅದೇ ಬಟ್ಟೆಯ ರೂಢಿಯಾಯಿತು. ಹೆಣ ತೊಳೆಯುವುದು ಅವರಲ್ಲಿ ಮಾನವಂತರ ಕೆಲಸ; ಅದಕ್ಕೆಂದೇ ಊರೂರಿಗೆ ಸಂಘಗಳಿವೆ. ಸತ್ತವನು ಋಣ ತೀರಿಸಲಾರ, ಹಾಗಾಗಿ ಅವನಿಗೆ ಮಾಡಿದ್ದೇ ನಿಜವಾದ ದಯೆ ಎನ್ನುತ್ತಾರೆ.

ಈಗ ನಮ್ಮ ಊರಿಗೆ ಬನ್ನಿ. ಸಾವಿನ ಸುದ್ದಿ ಹೊತ್ತು ಹತ್ತು ಹರದಾರಿ ಓಡಿದವರು ಯಾರು? ಕುಣಿ ತೋಡಿದವರು ಯಾರು? ಹಲಗೆ ಬಾರಿಸಿದವರು, ಸತ್ತ ದನ ಎಳೆದವರು ಯಾರು? ಅಲ್ಲಿ ದಯೆ ಎನಿಸಿಕೊಂಡ ಕೆಲಸವೇ ಇಲ್ಲಿ ಮೈಲಿಗೆ ಎನಿಸಿಕೊಂಡಿತು. ಹೆಣ ಮುಟ್ಟಿದವನು ಮುಟ್ಟಬಾರದವನಾದ. ಆತ್ಮಕ್ಕೆ ಜಾತಿಯಿಲ್ಲ ಅಂತ ಪುರಾಣ ಹೇಳೋರು ಆತ್ಮ ಬಿಟ್ಟುಹೋದ ಮೈಗೂ ಜಾತಿ ಇಟ್ಟರು.

ಈ ರೋಗ ಯಹೂದಿಗಳನ್ನೂ ಬಿಡಲಿಲ್ಲ. ಬೆನೆ ಇಸ್ರೇಲಿಗಳಲ್ಲೂ ‘ಗೋರಾ’ ‘ಕಾಲಾ’ ಎಂಬ ಭೇದವಿತ್ತು. ಕೊಚ್ಚಿಯ ಪರದೇಶಿ ಯಹೂದಿಗಳು ದಾಸ್ಯದಿಂದ ಬಿಡುಗಡೆಯಾದವರ ಸಂತತಿಯನ್ನು ಪ್ರಾರ್ಥನೆಯಲ್ಲಿ ಸರಿಸಮ ಕೂರಿಸಲಿಲ್ಲ, ತಮ್ಮ ಸ್ಮಶಾನದಲ್ಲಿ ಹೂಳಗೊಡಲಿಲ್ಲ. ಆ ಸಂತತಿಯ ವಕೀಲ ಎ. ಬಿ. ಸೇಲಂ ಇಪ್ಪತ್ತನೆಯ ಶತಮಾನದಲ್ಲಿ ಸತ್ಯಾಗ್ರಹದ ದಾರಿ ಹಿಡಿದು ಹೋರಾಡಬೇಕಾಯಿತು. ಗ್ರಂಥ ಸಮಾನತೆ ಹೇಳಿದರೆ ಸಾಲದು. ಅದನ್ನು ಯಾರಾದರೂ ಎದ್ದು ನಿಂತು ಕೇಳಬೇಕು.

ಖಾನಾಪುರ ತಾಲೂಕಿನ ಹಲಸಿಯಲ್ಲಿ ಸಿಕ್ಕ ತಾಮ್ರಪಟಗಳು ಇನ್ನೊಂದು ಲೆಕ್ಕ ಹೇಳುತ್ತವೆ. ಐದನೆಯ ಶತಮಾನದ ಕದಂಬ ದೊರೆ ಮೃಗೇಶವರ್ಮ ತನ್ನ ತಂದೆಯ ಮೇಲಿನ ಭಕ್ತಿಗೆ ಅಲ್ಲಿ ಜಿನಾಲಯ ಕಟ್ಟಿಸಿ 33 ನಿವರ್ತನ ಭೂಮಿ ಬಿಟ್ಟ. ಸತ್ತ ಅರಸನ ನೆನಪಿಗೆ ಅಷ್ಟು ನೆಲ. ಕೇರಿಯಲ್ಲಿ ಸತ್ತವನಿಗೆ? ಆರಡಿ ಮೂರಡಿ ಕೇಳಿದರೆ ಹಳ್ಳದ ದಂಡೆ, ರಸ್ತೆಯ ಬದಿ. ಸ್ಮಶಾನವಿಲ್ಲದ ಊರುಗಳಿಗೆ ಗಡುವಿನೊಳಗೆ ಜಾಗ ಕೊಡಿ ಎಂದು ಕರ್ನಾಟಕ ಹೈಕೋರ್ಟು 2019ರಲ್ಲಿ ಸರ್ಕಾರಕ್ಕೆ ಹೇಳಿತು. ಗಡುವು ದಾಟಿ, ಅದೇ ಸಂಗತಿ ನ್ಯಾಯಾಂಗ ನಿಂದನೆಯಾಗಿ ಮತ್ತೆ ಕೋರ್ಟಿನ ಮೆಟ್ಟಿಲೇರಿತು. ಅದೇ ಖಾನಾಪುರದ ಭೀಮಗಡ ಕಾಡಿನ ಅಮಗಾಂವದಿಂದ 2024ರ ಜುಲೈ ಮಳೆಯಲ್ಲಿ ಕಾಯಿಲೆಬಿದ್ದ ಹೆಣ್ಣುಮಗಳೊಬ್ಬರನ್ನು ಕಟ್ಟಿಗೆಗೆ ಕಟ್ಟಿ, ಹೆಗಲ ಮೇಲೆ ಹೊತ್ತು ತಂದರು. ರಸ್ತೆಯಿಲ್ಲದ ಊರಲ್ಲಿ ಮನುಷ್ಯ ಉಸಿರಿರುವಾಗಲೇ ಚಟ್ಟ ಏರುತ್ತಾನೆ. ಅವನಿಗೆ ಪರಲೋಕದ ದಾರಿ ತೋರಿಸುವವರು ಆಸ್ಪತ್ರೆಯ ದಾರಿ ಯಾಕೆ ತೋರಿಸುವುದಿಲ್ಲ?

ಅಂಬೇಡ್ಕರ್ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಡಿಸಿದ 22 ಪ್ರತಿಜ್ಞೆಗಳಲ್ಲಿ ಒಂದು, ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಎಂಬುದು. ಅದು ಸತ್ತವರಿಗೆ ಮಾಡಿದ ಅಗೌರವವಲ್ಲ. ಸತ್ತವರ ಹೆಸರಲ್ಲಿ ಬದುಕಿದವರನ್ನು ಸುಲಿಯುವ ವ್ಯವಹಾರಕ್ಕೆ ಹಾಕಿದ ಬೀಗ.

ಶಾಲೆ ಕಲಿಸುವ ಗೆಳೆಯರೇ, ‘ಆತ್ಮ ಐತೇನ್ರೀ ಸರ್?’ ಅಂತ ಮಕ್ಕಳು ಕೇಳಿದರೆ ಹೌದು, ಅಲ್ಲ ಎಂಬ ಜಗಳಕ್ಕೆ ಇಳಿಯಬೇಡಿ. ತಿರುಗಿ ಎರಡು ಪ್ರಶ್ನೆ ಕೇಳಿ. ಈ ಊರಲ್ಲಿ ಯಾರು ಸತ್ತರೂ ಒಂದೇ ಸ್ಮಶಾನವೇ? ಕುಣಿ ತೋಡಿದವನ ಜೊತೆ ಊರವರು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆಯೇ? ಇಲ್ಲ ಎಂಬ ಉತ್ತರ ಬಂದರೆ, ಆ ಊರಿನ ಆತ್ಮಜ್ಞಾನ ಎಂಥದ್ದೆಂದು ಮಕ್ಕಳಿಗೇ ತಿಳಿಯುತ್ತದೆ. ಆತ್ಮ ಇದ್ದರೆ ಅದು ತನ್ನ ದಾರಿ ನೋಡಿಕೊಳ್ಳಲಿ. ನಾವು ನೆಲ ಕೇಳೋಣ.