ವಪುಮದ ಮತ್ತು ಸೌಂದರ್ಯ ಶಸ್ತ್ರಚಿಕಿತ್ಸೆ

ಮೂಗಿನ ಏರನ್ನು ತಿದ್ದಿಸುವುದು, ಹೊಟ್ಟೆಯ ಕೊಬ್ಬನ್ನು ತೆಗೆಸುವುದು, ಮುಖದ ಸುಕ್ಕಿಗೆ ಸೂಜಿಮದ್ದು ಹಾಕಿಸುವುದು, ಬೋಳಾದ ತಲೆಗೆ ಕೂದಲು ನೆಡಿಸುವುದು ಒಂದು ಕಾಲಕ್ಕೆ ಚಿತ್ರತಾರೆಯರ ಸಂಗತಿಗಳೆನಿಸಿದ್ದವು. ಇಂದು ಜಿಲ್ಲಾಕೇಂದ್ರದ ಪೇಟೆಬೀದಿಯಲ್ಲಿಯೂ ಇವುಗಳ ಫಲಕಗಳು ಕಾಣುತ್ತವೆ. ಶ್ರಾವಕರ ಮನೆಗಳಲ್ಲಿಯೂ ಪ್ರಶ್ನೆ ಎದ್ದಿದೆ: ವಿವಾಹಕ್ಕೆ ಮುನ್ನ ಮಗಳ ಮೂಗನ್ನು ತಿದ್ದಿಸಬಹುದೇ? ದೇಹವನ್ನು ಪರದ್ರವ್ಯವೆಂದು ಬಗೆಯುವ ಧರ್ಮದಲ್ಲಿ ಹುಟ್ಟಿದವರಿಗೆ ಇದು ಸಲ್ಲುವುದೇ? ದೇಹವು ಅಶುಚಿ, ಅನಿತ್ಯ; ಅದರ ಅಲಂಕಾರ ಬರಿಯ ಮೋಹ ಎಂಬ ಉತ್ತರ ಹಿರಿಯರ ನಾಲಿಗೆಯ ತುದಿಯಲ್ಲಿಯೇ ಇದೆ. ಮಾತು ಸುಳ್ಳಲ್ಲ. ಆದರೆ ಅದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದನ್ನು ವಿಚಾರಿಸದೆ ಒಪ್ಪಿಸಿಬಿಟ್ಟರೆ ಧರ್ಮೋಪದೇಶವು ನುಣುಚಿಕೊಳ್ಳುವ ಉಪಾಯವಾಗಿ ಪರಿಣಮಿಸುತ್ತದೆ.

ಈ ವಿದ್ಯೆ ವಿಲಾಸದಿಂದ ಹುಟ್ಟಿದ್ದಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಹರಿದ ಕಿವಿಯ ಹಾಲೆಯನ್ನು ಕೂಡಿಸುವ, ಕತ್ತರಿಸಿಹೋದ ಮೂಗನ್ನು ಕೆನ್ನೆಯ ಚರ್ಮದಿಂದ ಮತ್ತೆ ಕಟ್ಟುವ ಕ್ರಮ ವಿವರವಾಗಿದೆ. ಮೂಗು ಕೊಯ್ಯುವುದು ಪ್ರಾಚೀನ ಭಾರತದಲ್ಲಿ ಒಂದು ದಂಡನೆಯಾಗಿತ್ತು. ಪ್ರಾಣ ತೆಗೆಯದೆ, ಬದುಕಿರುವಷ್ಟು ಕಾಲವೂ ಕಂಡವರ ಕಣ್ಣಿನಲ್ಲಿ ಅಪರಾಧಿಯಾಗಿ ಉಳಿಸುವುದು ಅದರ ಉದ್ದೇಶ. 1792ರಲ್ಲಿ, ಮೂರನೆಯ ಮೈಸೂರು ಯುದ್ಧದ ಕಾಲಕ್ಕೆ, ಆಂಗ್ಲ ಸೇನೆಗೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠಾ ಒಕ್ಕಲಿಗನು ಟಿಪ್ಪು ಸುಲ್ತಾನನ ಸೈನ್ಯಕ್ಕೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಮುಂದೆ ಪುಣೆಯ ಕಡೆಯ ಇಟ್ಟಿಗೆ ಸುಡುವ ಕುಲದವನೊಬ್ಬನು ಮೇಣದ ಹಾಳೆಯಿಂದ ಅಳತೆ ತೆಗೆದು, ಹಣೆಯ ಚರ್ಮವನ್ನು ಇಳಿಸಿ ಅವನಿಗೆ ಹೊಸ ಮೂಗನ್ನು ಕಟ್ಟಿಕೊಟ್ಟನು. ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್ 1794ರಲ್ಲಿ ಇದನ್ನು ಚಿತ್ರಸಹಿತ ಪ್ರಕಟಿಸಿತು. ಅದನ್ನು ಅಭ್ಯಸಿಸಿದ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು 1814ರಲ್ಲಿ ಇಂಗ್ಲೆಂಡಿನಲ್ಲಿ ಅದೇ ವಿಧಾನವನ್ನು ಪ್ರಯೋಗಿಸಿದನು. ಯುರೋಪಿನ ವೈದ್ಯಗ್ರಂಥಗಳಲ್ಲಿ ಇದಕ್ಕೆ ಭಾರತೀಯ ವಿಧಾನವೆಂಬ ಹೆಸರೇ ನಿಂತಿತು. ಕಟ್ಟಿಕೊಟ್ಟವನ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಕಾವಸ್‌ಜಿಯನ್ನು ದೇಹಮೋಹಿಯೆಂದು ಕರೆಯಲು ಯಾವ ಶ್ರಾವಕನಿಗೂ ಬಾಯಿ ಬಾರದು. ಪ್ರಥಮ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸಹಸ್ರಾರು ಸೈನಿಕರಿಗೆ ಲಂಡನ್ನಿನ ಸಮೀಪದ ಸಿಡ್‌ಕಪ್ಪಿನಲ್ಲಿ ಹೆರಾಲ್ಡ್ ಗಿಲ್ಲಿಸ್ ನಡೆಸಿದ ಚಿಕಿತ್ಸೆಯ ವಿಷಯದಲ್ಲಿಯೂ ಹಾಗೆಯೇ. ಆ ಊರಿನ ಕೆಲವು ಬೆಂಚುಗಳಿಗೆ ನೀಲಿ ಬಣ್ಣ ಹಚ್ಚಿಸಲಾಗಿತ್ತು. ಅಲ್ಲಿ ಕುಳಿತವನ ಮುಖ ನೋಡಿ ಬೆಚ್ಚಬೇಡಿರೆಂದು ದಾರಿಹೋಕರಿಗೆ ಮೊದಲೇ ಎಚ್ಚರಿಸುವುದು ಇದರ ಆಶಯ. ದೇಶಕ್ಕಾಗಿ ಮುಖವನ್ನು ತೆತ್ತವನಿಗೆ ಅದೇ ದೇಶದ ಕಣ್ಣು ಕೊಟ್ಟ ಆಸನವದು.

ರೋಗವಾಗಲಿ ಗಾಯವಾಗಲಿ ಇಲ್ಲದ ಅಂಗದ ಮೇಲೆ ಶಸ್ತ್ರವಿಟ್ಟವರಲ್ಲಿ ಬರ್ಲಿನ್ನಿನ ಯಾಕ್ ಜೋಸೆಫ್ ಪ್ರಮುಖನು. 1898ರಲ್ಲಿ ಅವನು ದೊಡ್ಡ ಮೂಗಿನವನೊಬ್ಬನಿಗೆ ಚಿಕಿತ್ಸೆ ಮಾಡಿದನು. ಉಸಿರಾಟಕ್ಕೆ ತೊಂದರೆಯಿರಲಿಲ್ಲ, ನಾಲ್ವರ ನಡುವೆ ಹೋದರೆ ಎಲ್ಲರೂ ತನ್ನ ಮೂಗನ್ನೇ ನೋಡುವರೆಂಬ ಕೊರಗು ಅವನನ್ನು ಮನೆಯೊಳಗೆ ಕೂರಿಸಿತ್ತು. ಮನಸ್ಸಿನ ನೋವೂ ನೋವೇ, ಅದನ್ನು ಕಳೆಯುವುದೂ ವೈದ್ಯನ ಧರ್ಮವೇ ಎಂಬುದು ಜೋಸೆಫನ ವಾದ. ಈ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಜೋಸೆಫ್ ಯಹೂದಿಯಾಗಿದ್ದನು. ಅಂದಿನ ಜರ್ಮನಿಯಲ್ಲಿ ಮೂಗಿನ ಆಕಾರವನ್ನು ಹಿಡಿದು ಯಹೂದಿಗಳನ್ನು ಹಂಗಿಸುವ ರೂಢಿಯಿತ್ತು ಎಂಬುದನ್ನು ನೆನೆದಾಗ ಇನ್ನೊಂದು ಪ್ರಶ್ನೆ ಮೂಡುತ್ತದೆ. ದೋಷವಿದ್ದುದು ಮೂಗಿನಲ್ಲಿಯೋ, ಬೀದಿಯಲ್ಲಿಯೋ? ಬೀದಿಗೆ ಮಾಡಬೇಕಾದ ಚಿಕಿತ್ಸೆಯನ್ನು ಒಬ್ಬನ ಮುಖಕ್ಕೆ ಮಾಡಲಾಯಿತು.

ಮುಖ ಬದಲಾದರೂ ಕೊರಗು ಬದಲಾಗದ ಸಂದರ್ಭಗಳು ಅನೇಕ. ಅಮೆರಿಕದ ಶಸ್ತ್ರವೈದ್ಯ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಅಂಥವರ ವಿಷಯ ಬರೆದಿದ್ದಾನೆ. ಯಶಸ್ವಿಯಾದ ಚಿಕಿತ್ಸೆಯ ನಂತರವೂ ಕನ್ನಡಿಯ ಮುಂದೆ ನಿಂತು ಏನೂ ಬದಲಾಗಿಲ್ಲವೆಂದು ಸಾಧಿಸುವವರು ಅವರು. ತನ್ನನ್ನು ತಾನು ಕಾಣುವ ಒಳಗಿನ ಚಿತ್ರವೊಂದಿದೆ, ಅದನ್ನು ಕತ್ತಿ ಮುಟ್ಟಲಾರದು ಎಂದು ಅವನು ತಿಳಿದುಕೊಂಡನು. ಇಲ್ಲದ ಅಥವಾ ಅತ್ಯಲ್ಪವಾದ ಕುಂದನ್ನು ಮಹಾವಿಕಾರವೆಂದು ಬಗೆದು ನರಳುವ ಸ್ಥಿತಿಯನ್ನು ಇಟಲಿಯ ಮೊರ್ಸೆಲ್ಲಿ 1891ರಲ್ಲಿಯೇ ಗುರುತಿಸಿದ್ದನು; ಇಂದಿನ ಮನೋವೈದ್ಯರು ಅದನ್ನು ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಎನ್ನುತ್ತಾರೆ. ಇಂಥವರಿಗೆ ಶಸ್ತ್ರಚಿಕಿತ್ಸೆಯಿಂದ ಸಮಾಧಾನ ದೊರೆಯುವುದು ವಿರಳ. ಮೂಗಿನ ಚಿಂತೆ ಗದ್ದಕ್ಕೆ ಸರಿಯುತ್ತದೆ, ಗದ್ದದ್ದು ಚರ್ಮಕ್ಕೆ. ಮೊಬೈಲ್ ಫೋನು ತಿದ್ದಿಕೊಟ್ಟ ತನ್ನದೇ ಛಾಯಾಚಿತ್ರವನ್ನು ಹಿಡಿದು ಹೀಗೆ ಮಾಡಿಕೊಡಿರೆಂದು ವೈದ್ಯರ ಬಳಿ ಬರುವ ತರುಣ ತರುಣಿಯರೂ ಈಗ ಇದ್ದಾರೆ. ಅಪಾಯವೂ ಕಲ್ಪಿತವಲ್ಲ: 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾದ ಇಪ್ಪತ್ತೊಂದರ ಹರೆಯದ ಕಿರುತೆರೆ ನಟಿಯೊಬ್ಬಳು ಅದಾದೊಡನೆ ಅಸುನೀಗಿದಳು.

ಇನ್ನು ಶಾಸ್ತ್ರದ ಮಾತು. ಜೈನ ಕರ್ಮಸಿದ್ಧಾಂತವು ದೇಹದ ಆಕಾರವನ್ನು ಕಡೆಗಣಿಸಿಲ್ಲ. ನಾಮಕರ್ಮದ ಪ್ರಕೃತಿಗಳಲ್ಲಿ ಸಂಸ್ಥಾನವೂ ಒಂದು. ಅದರಲ್ಲಿ ಸಮಚತುರಸ್ರ, ನ್ಯಗ್ರೋಧಪರಿಮಂಡಲ, ಸ್ವಾತಿ, ಕುಬ್ಜಕ, ವಾಮನ, ಹುಂಡಕ ಎಂದು ಆರು ಭೇದಗಳು. ಅಳತೆಗೊಪ್ಪುವ ಸುಂದರ ಅವಯವಗಳು ಮೊದಲನೆಯದರ ಫಲ. ಗೂನು, ಕುಳ್ಳು ಹಾಗೂ ಯಾವ ಪ್ರಮಾಣಕ್ಕೂ ಒಳಪಡದ ವಿಕಾರ ಕಡೆಯ ಮೂರರ ಫಲ. ಗಮನಿಸಬೇಕಾದ ಸಂಗತಿ ಮುಂದಿದೆ. ಮೋಕ್ಷಸಾಧನೆಗೆ ವಜ್ರವೃಷಭನಾರಾಚ ಸಂಹನನ, ಎಂದರೆ ಅತಿ ದೃಢವಾದ ಅಸ್ಥಿಬಂಧ, ಅವಶ್ಯವೆಂದು ಶಾಸ್ತ್ರ ಹೇಳುತ್ತದೆ. ಘೋರ ತಪಸ್ಸನ್ನು ತಾಳುವ ಶಕ್ತಿ ಶರೀರಕ್ಕೆ ಬೇಕು. ಆದರೆ ಸಂಸ್ಥಾನಕ್ಕೆ ಅಂಥ ನಿರ್ಬಂಧವಿಲ್ಲ. ಆರು ಸಂಸ್ಥಾನಗಳ ಉದಯವೂ ಹದಿಮೂರನೆಯ ಸಯೋಗಕೇವಲಿ ಗುಣಸ್ಥಾನದವರೆಗೆ ಇರಬಲ್ಲುದು. ಹುಂಡಕ ಸಂಸ್ಥಾನದ ಮನುಷ್ಯನಿಗೂ ಕೇವಲಜ್ಞಾನದ ಬಾಗಿಲು ತೆರೆದಿದೆ. ಬಾಗಿಲು ಮುಚ್ಚಿರುವುದು ಹೆಣ್ಣು ನೋಡುವ ಶಾಸ್ತ್ರದಲ್ಲಿ ಮಾತ್ರ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿರುವ ಎಂಟು ಮದಗಳಲ್ಲಿ ಕೊನೆಯದು ವಪುಮದ, ಅಂದರೆ ದೇಹದ ಹಮ್ಮು. ಸುಂದರಿಯ ಗರ್ವವನ್ನು ಕುರಿತು ಈ ಮಾತು ಹೇಳುವುದು ರೂಢಿ. ಆದರೆ ತನ್ನ ರೂಪಕ್ಕಾಗಿ ಕುಗ್ಗುವ ಹುಡುಗಿಯೂ, ತನ್ನ ರೂಪಕ್ಕಾಗಿ ಬೀಗುವ ಹುಡುಗಿಯೂ ಒಂದೇ ಅಳತೆಗೋಲನ್ನು ನಂಬಿದ್ದಾರೆ. ಇಬ್ಬರೂ ದೇಹವನ್ನೇ ತಾನೆಂದು ತಿಳಿದಿದ್ದಾರೆ. ಒಬ್ಬಳಿಗೆ ಲೆಕ್ಕ ಕೂಡಿಬಂದಿದೆ, ಇನ್ನೊಬ್ಬಳಿಗೆ ಕಳೆದುಹೋಗಿದೆ. ಆ ಅಳತೆಗೋಲನ್ನು ಅವರ ಕೈಗಿತ್ತವರು ಬೇರೆ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದಾದ ನಿರ್ವಿಚಿಕಿತ್ಸೆ ಇಲ್ಲಿ ನೆನಪಾಗಬೇಕು. ಅದಕ್ಕೆ ಸಮಂತಭದ್ರರು ಕೊಡುವ ನಿದರ್ಶನ ಉದ್ದಾಯನ ಮಹಾರಾಜನದು. ಅವನನ್ನು ಪರೀಕ್ಷಿಸಲು ದೇವನೊಬ್ಬನು ಕುಷ್ಠದಿಂದ ಕೊಳೆತ ಮುನಿಯ ವೇಷದಲ್ಲಿ ಬಂದು, ಆಹಾರ ಸ್ವೀಕರಿಸಿ, ಅಲ್ಲಿಯೇ ವಮನ ಮಾಡಿದನು. ದುರ್ನಾತಕ್ಕೆ ಪರಿವಾರದವರು ಓಡಿಹೋದರು. ರಾಜನೂ ರಾಣಿ ಪ್ರಭಾವತಿಯೂ ಕದಲಲಿಲ್ಲ. ತಾನು ಕೊಟ್ಟ ಆಹಾರವೇ ದೋಷಯುಕ್ತವಾಗಿರಬೇಕೆಂದು ರಾಜನು ತನ್ನನ್ನೇ ನಿಂದಿಸಿಕೊಂಡು ಮುನಿಯ ಮೈ ತೊಳೆದನು. ಈ ಕಥೆಯಲ್ಲಿ ಪರೀಕ್ಷೆ ನಡೆಯುವುದು ಕೊಳೆತ ದೇಹದವನಿಗಲ್ಲ, ಅದನ್ನು ನೋಡುತ್ತಿರುವವನಿಗೆ. ಕುರೂಪವನ್ನು ಸಹಿಸಿಕೊಳ್ಳೆಂದು ಶಾಸ್ತ್ರವು ಕುರೂಪಿಗೆ ಮೊದಲು ಹೇಳಲಿಲ್ಲ; ಹೇಸಬೇಡವೆಂದು ನೋಡುವವನಿಗೆ ಹೇಳಿತು.

ಈ ಕ್ರಮವನ್ನು ಸಮಾಜ ತಲೆಕೆಳಗು ಮಾಡಿದೆ. ಪ್ರವಚನದಲ್ಲಿ ಅಶುಚಿ ಅನುಪ್ರೇಕ್ಷೆಯನ್ನು ಕೇಳಿ ತಲೆದೂಗಿದ ತಂದೆಯೇ ಮಗನಿಗೆ ವಧು ಬೇಕೆಂದು ಪ್ರಕಟಣೆ ಕೊಡುವಾಗ ಬೆಳ್ಳಗಿರುವ, ಲಕ್ಷಣವಾದ ಕನ್ಯೆಯೆಂದು ಬರೆಸುತ್ತಾನೆ. ಹೆಣ್ಣು ನೋಡಲು ಬಂದವರು ಉಪಾಹಾರ ಮುಗಿಸಿ ಹೋಗಿ, ವಾರದ ನಂತರ ಮೂರನೆಯವರ ಮೂಲಕ, ಹುಡುಗಿಯ ಮುಖ ಅಷ್ಟಕ್ಕಷ್ಟೇ ಎಂದು ಹೇಳಿ ಕಳುಹಿಸುತ್ತಾರೆ. ಮೂರು ಬಾರಿ ಹೀಗೆ ಕೇಳಿಸಿಕೊಂಡವಳು ತಾನೇ ದುಡಿದ ಹಣದಿಂದ ಮೂಗನ್ನು ತಿದ್ದಿಸಿಕೊಳ್ಳಲು ಹೊರಟಾಗ ದೇಹದ ಅನಿತ್ಯತೆಯ ಪಾಠ ಅವಳೊಬ್ಬಳಿಗೆ ಆರಂಭವಾಗುತ್ತದೆ. ಮಾತಿನಿಂದ ನೋಯಿಸುವುದೂ ಹಿಂಸೆಯೆಂದು ಬಲ್ಲ ಸಮಾಜದಲ್ಲಿ ಹೀಗೆ ನಡೆಯುತ್ತಿದೆ.

ಹಾಗೆಂದು ಅವಳ ನಿರ್ಧಾರ ತಾನಾಗಿಯೇ ನಿರ್ದೋಷವಾಗದು. ಗೃಹಸ್ಥನಿಗೆ ಆರಂಭೀ ಹಿಂಸೆ ತಪ್ಪಿದ್ದಲ್ಲ. ರೋಗನಿವಾರಣೆಯ ಔಷಧೋಪಚಾರ ಅದರಲ್ಲಿ ಸೇರುತ್ತದೆ. ಆದರೆ ಸೌಂದರ್ಯಚಿಕಿತ್ಸೆಯ ಸಾಮಗ್ರಿಯ ಮೂಲವನ್ನು ಕೇಳದೆ ಇರುವಂತಿಲ್ಲ. ತುಟಿ, ಕೆನ್ನೆಗಳನ್ನು ತುಂಬಲು ದನದ ಚರ್ಮದ ಕೊಲಾಜೆನ್ ಬಹುಕಾಲ ಬಳಕೆಯಲ್ಲಿತ್ತು. ಕೋಳಿಯ ಜುಟ್ಟಿನಿಂದ ತೆಗೆದ ದ್ರವ್ಯವೂ ಬಂದಿತ್ತು. ಒಳಹೊಲಿಗೆಯ ಕ್ಯಾಟ್‌ಗಟ್ ದಾರ ಕುರಿ ಅಥವಾ ದನದ ಕರುಳಿನದು. ಸುಕ್ಕು ತೆಗೆಯುವ ಬೊಟುಲಿನಮ್ ವಿಷದ ಪ್ರಮಾಣವನ್ನು ನಿರ್ಧರಿಸಲು ಎಷ್ಟು ಅಳತೆಗೆ ಅರ್ಧದಷ್ಟು ಇಲಿಗಳು ಸಾಯುತ್ತವೆಂದು ನೋಡುವ ಪರೀಕ್ಷೆ ದಶಕಗಳ ಕಾಲ ನಡೆಯಿತು. ಜೀವಕೋಶಗಳ ಮೇಲೆ ಮಾಡುವ ಬದಲಿ ಪರೀಕ್ಷೆಗೆ ಅಮೆರಿಕದಲ್ಲಿ ಒಂದು ಕಂಪನಿಗೆ ಅನುಮತಿ ದೊರೆತದ್ದು 2011ರಲ್ಲಿ. ಪ್ರಾಣಿಮೂಲವಲ್ಲದ ದಾರವೂ ದ್ರವ್ಯವೂ ಈಗ ದೊರೆಯುತ್ತವೆ. ಕೇಳುವವರು ಬೇಕು. ಬೆಂಕಿಯಲ್ಲಿ ಬೆಂದವರ, ಆ್ಯಸಿಡ್ ದಾಳಿಗೆ ಈಡಾದವರ, ಸೀಳುತುಟಿಯ ಕೂಸುಗಳ ಚಿಕಿತ್ಸೆಯ ತೂಕ ಬೇರೆ. ಅಲ್ಲಿ ದಾನಕ್ಕೆ ಅವಕಾಶವಿದೆ, ಅನುಮಾನಕ್ಕೆ ಇಲ್ಲ.

ಮನೆಯ ಹಿರಿಯರಿಗೆ ಇಲ್ಲಿ ಒಂದು ಕೆಲಸ ಉಳಿಯುತ್ತದೆ. ಮಗಳೋ ಮಗನೋ ಈ ಮಾತನ್ನು ಎತ್ತಿದಾಗ ಹೌದು ಅಲ್ಲಗಳನ್ನು ಹೇಳುವ ಮೊದಲು, ಯಾರ ಮಾತಿನಿಂದ ಈ ಯೋಚನೆ ಬಂತೆಂದು ಕೇಳಬೇಕು. ಉತ್ತರವಾಗಿ ಹೆಸರೊಂದು ಬಂದರೆ, ಅದು ಚಿಕ್ಕಮ್ಮನದೋ ಬೀಗರದೋ ಆಗಿದ್ದರೆ, ಮಾತನಾಡಬೇಕಾದುದು ಮೊದಲು ಅವರೊಡನೆ. ಕಾರಣ ಹೇಳಲಾಗದೆ ಕನ್ನಡಿಯ ಮುಂದೆ ಗಂಟೆಗಟ್ಟಲೆ ಕಳೆಯುವ ಮಕ್ಕಳನ್ನು ಶಸ್ತ್ರವೈದ್ಯರಿಗಿಂತ ಮುಂಚೆ ಮನೋವೈದ್ಯರ ಬಳಿ ಕರೆದೊಯ್ಯುವುದು ಒಳ್ಳೆಯದು. ವಧೂವರ ಸಮಾವೇಶಗಳ ಅರ್ಜಿಗಳಲ್ಲಿ ವಿದ್ಯೆ, ಉದ್ಯೋಗಗಳ ನಡುವೆ ಮೈಬಣ್ಣಕ್ಕೊಂದು ಅಂಕಣ ಎಷ್ಟೋ ಕಡೆ ಇನ್ನೂ ಉಳಿದಿದೆ. ಮುಂದಿನ ಬಾರಿ ಅಚ್ಚಿಗೆ ಕೊಡುವ ಮೊದಲು ಅದನ್ನು ಬಿಡುವ ವಿಷಯವನ್ನು ಸಂಘಗಳ ಪದಾಧಿಕಾರಿಗಳು ಸಭೆಯಲ್ಲಿ ಚರ್ಚಿಸಬಹುದು.