ಹೋಗಿ ಬಾ ಅನ್ನುವವರ ಹಾಡು

ಮೂರು ವರ್ಷ ನನ್ನ ಪಕ್ಕದ ಡೆಸ್ಕಿನಲ್ಲಿ ಕೂತು ಕೆಲಸ ಕಲಿತ ಹುಡುಗಿ ಒಂದು ಜನವರಿ ಬೆಳಿಗ್ಗೆ ‘ಪೇಪರ್ ಹಾಕ್ತಿದೀನಿ’ ಅಂದಳು. ಒಸಾಕಾದಲ್ಲಿ ಕೆಲಸ ಸಿಕ್ಕಿದೆಯಂತೆ, ಏಪ್ರಿಲ್ ಒಂದಕ್ಕೆ ಸೇರಬೇಕಂತೆ. ‘ಓ, ಕಂಗ್ರಾಟ್ಸ್!’ ಅಂದೆ. ಅಂದಿದ್ದು ಬಾಯಿ ಮಾತ್ರ, ಹೊಟ್ಟೆಯೊಳಗೆ ಏನೋ ಉರೀತು. ಅಷ್ಟೆಲ್ಲಾ ಹೇಳಿಕೊಟ್ಟಿದ್ದು ಇದಕ್ಕಾ? ಆಮೇಲಿನ ಎರಡು ತಿಂಗಳ ನೋಟಿಸ್ ಪೀರಿಯಡ್ ಪೂರ್ತಿ ಅವಳ ಜೊತೆ ನಾನು ಮಾತಾಡಿದ್ದು ಹ್ಯಾಂಡೋವರ್ ಡಾಕ್ಯುಮೆಂಟಿನ ಬಗ್ಗೆ ಮಾತ್ರ. ಒಂದು ದಿನವೂ ಕಾಫಿಗೆ ಕರೆಯಲಿಲ್ಲ. ಕೊನೇ ದಿನ ಎಲ್ಲರೂ ಕೇಕ್ ಕಟ್ ಮಾಡುವಾಗ, ಕ್ಲೈಂಟ್ ಕಾಲ್ ಇದೆ ಅಂತ ಮೀಟಿಂಗ್ ರೂಮಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ. ಕಾಲ್ ಇರಲಿಲ್ಲ.

ಜಪಾನೀಸ್ ಕಲಿಯುವಾಗ ಅವಳು ಕೇಳುತ್ತಿದ್ದ ಹಾಡುಗಳ ಪ್ಲೇಲಿಸ್ಟ್ ಒಂದನ್ನು ಎಂದೋ ನನಗೆ ಕಳಿಸಿದ್ದಳು. ನಾನು ತೆರೆದೇ ಇರಲಿಲ್ಲ. ಅವಳು ಹೋಗಿ ಒಂದು ವಾರಕ್ಕೆ, ನಿದ್ದೆ ಬಾರದ ಒಂದು ರಾತ್ರಿ ತೆರೆದೆ. ಒಂದೊಂದರ ಅರ್ಥ ಹುಡುಕುತ್ತಾ ಹೋದರೆ ಹೆಚ್ಚುಕಮ್ಮಿ ಎಲ್ಲವೂ ಒಂದೇ ವಿಷಯ: ಮಾರ್ಚ್ ತಿಂಗಳು, ಚೆರಿ ಹೂವು, ಬೀಳ್ಕೊಡುಗೆ.

ಜಪಾನಿನಲ್ಲಿ ಶಾಲೆಯ ವರ್ಷ ಏಪ್ರಿಲ್‌ನಲ್ಲಿ ಶುರುವಾಗಿ ಮಾರ್ಚ್‌ನಲ್ಲಿ ಮುಗಿಯುತ್ತೆ. ಸರ್ಕಾರದ ಲೆಕ್ಕವೂ ನಮ್ಮ ಹಾಗೇ ಮಾರ್ಚ್ 31ಕ್ಕೆ ಕ್ಲೋಸು. ಓದು ಮುಗಿಸಿದವರು ಏಪ್ರಿಲ್ 1ರಂದು ಕಪ್ಪು ಸೂಟು ತೊಟ್ಟು ಗುಂಪುಗುಂಪಾಗಿ ಕೆಲಸಕ್ಕೆ ಸೇರುತ್ತಾರೆ. ಅಂದರೆ ಕೆಲವೇ ವಾರಗಳಲ್ಲಿ ಇಡೀ ದೇಶ ಯಾರನ್ನೋ ಕಳಿಸಿಕೊಟ್ಟು ಇನ್ಯಾರನ್ನೋ ಬರಮಾಡಿಕೊಳ್ಳುತ್ತೆ. ಟೋಕಿಯೋ ಕಡೆ ಚೆರಿ ಅರಳುವುದೂ ಆ ಎರಡರ ನಡುವೆಯೇ, ಅರಳಿ ಎರಡು ವಾರದೊಳಗೆ ಉದುರುವುದೂ ಆಗಲೇ. ಹಾಡು ಹುಟ್ಟದೆ ಇನ್ನೇನು? ಮೊರಿಯಾಮಾ ನಾವೊತಾರೊ 2003ರಲ್ಲಿ, ಕೊಬುಕುರೊ 2005ರಲ್ಲಿ, ಇಕಿಮೊನೊ ಗಕಾರಿ 2006ರಲ್ಲಿ ‘ಸಕುರಾ’ ಅನ್ನೋ ಒಂದೇ ಹೆಸರಿಟ್ಟು ಬೇರೆಬೇರೆ ಹಾಡು ತಂದರು. ಮೂರೂ ಹಿಟ್. ಉತ್ತರದ ಹೊಕ್ಕೈಡೋದಲ್ಲಿ ಹೂ ಬಿಡುವುದು ಏಪ್ರಿಲ್ ಕೊನೆ, ಇಲ್ಲಾ ಮೇ ತಿಂಗಳಲ್ಲಿ. ಅಲ್ಲಿನ ಮಕ್ಕಳು ಮಾರ್ಚ್‌ನಲ್ಲಿ ಕಿಟಕಿಯಾಚೆ ಹಿಮ ಇರುವಾಗಲೇ ಹೂವಿನ ಹಾಡು ಹಾಡಬೇಕು.

ಇದನ್ನೆಲ್ಲ ಓದಿದಾಗ ಮೊದಲು ನನಗೆ ಬಂದದ್ದು ಅನುಮಾನ. ಕ್ಯಾಲೆಂಡರ್ ನೋಡಿಕೊಂಡು ಬರುವ ಕಣ್ಣೀರು ನಿಜವಾ? ಹದಿನೈದು ವರ್ಷದ ಮಗುವಿನ ಕೈಲಿ ‘ಈಗ ಎಲ್ಲರೂ ಒಟ್ಟಿಗೆ ಕೃತಜ್ಞರಾಗಿ’ ಅಂತ ಹಾಡಿಸೋದು ಎಷ್ಟು ಸರಿ?

ಈ ಅನುಮಾನ ಜಪಾನಿಗೂ ಹೊಸದಲ್ಲ. ಅಲ್ಲಿ ತಲೆಮಾರುಗಳ ಕಾಲ ಶಾಲೆಯ ಕೊನೇ ದಿನ ಹಾಡುತ್ತಿದ್ದದ್ದು ಮುಖ್ಯವಾಗಿ ಎರಡು ಹಾಡು. 1881ರ ಸರ್ಕಾರಿ ಪುಸ್ತಕದಲ್ಲಿ ಬಂದ ‘ಹೊತಾರು ನೊ ಹಿಕಾರಿ’, ಅಂದರೆ ಮಿಂಚುಹುಳದ ಬೆಳಕು. ಅದರ ರಾಗ ಸ್ಕಾಟ್ಲೆಂಡಿನ ‘ಆಲ್ಡ್ ಲ್ಯಾಂಗ್ ಸೈನ್’ದು. ಇನ್ನೊಂದು 1884ರ ‘ಆವೊಗೆಬಾ ತೊತೊಶಿ’. ಅದರ ರಾಗವೂ ಅಮೆರಿಕದ ಒಂದು ಶಾಲಾಗೀತೆಯದು ಅಂತ ಗೊತ್ತಾಗಿದ್ದು 2011ರಲ್ಲಿ. ಈ ಎರಡನೆಯದರಲ್ಲಿ ಹೊರಡುವ ವಿದ್ಯಾರ್ಥಿ ಗುರುವಿನ ಉಪಕಾರವನ್ನು ತಲೆಯೆತ್ತಿ ನೋಡಿ ನೆನೆಯುತ್ತಾನೆ. ಕೃತಜ್ಞತೆ ಹರಿಯೋದು ಒಂದೇ ಕಡೆಗೆ, ಹೋಗುವವನಿಂದ ಇರುವವನ ಕಡೆಗೆ. ಹೇಳಿಕೊಟ್ಟವನೇ ನಿಂತು, ತನಗೆ ಥ್ಯಾಂಕ್ಸ್ ಹೇಳುವ ಹಾಡನ್ನು ಹಾಡಿಸಿಕೊಳ್ಳುತ್ತಾನೆ. ನನ್ನ ಹೊಟ್ಟೆಯುರಿಗೆ ಇದಕ್ಕಿಂತ ಒಪ್ಪುವ ಹಾಡು ಇಲ್ಲ ಬಿಡಿ.

ಶಾಲೆ ಅಂದರೆ ಎಲ್ಲರಿಗೂ ಸಿಹಿ ನೆನಪಲ್ಲ ಅನ್ನೋದನ್ನೂ ಅಲ್ಲಿನ ಹಾಡುಗಾರರೇ ಹೇಳಿದ್ದಾರೆ. ಹತ್ತೊಂಬತ್ತರ ಹುಡುಗ ಒಜಾಕಿ ಯುತಾಕಾ 1985ರಲ್ಲಿ ‘ಸೊತ್ಸುಗ್ಯೋ’, ಅಂದರೆ ಪದವಿ ಮುಗಿಸುವುದು, ಅನ್ನೋ ಹಾಡಿನಲ್ಲಿ ಶಾಲೆಯ ಕಿಟಕಿ ಗಾಜು ಒಡೆಯುವ ಮಾತಾಡಿದ. ಅವನಿಗೆ ಹೊರಟುಹೋಗೋದು ಅಂದರೆ ಬಿಡುಗಡೆ.

ಆದರೆ ನನ್ನನ್ನು ನಿಲ್ಲಿಸಿದ್ದು ಆ ಪ್ಲೇಲಿಸ್ಟಿನ ಇನ್ನೊಂದು ಹಾಡು, ‘ತಬಿದಾಚಿ ನೊ ಹಿ ನಿ’. ಹೊರಡುವ ದಿನದಂದು ಅಂತ ಅರ್ಥ. ಟೋಕಿಯೋದ ವಾಯುವ್ಯಕ್ಕಿರುವ ಸಾಯಿತಾಮಾ ಪ್ರಾಂತ್ಯದ ಚಿಚಿಬು ಊರಲ್ಲಿ ಕಗೆಮೊರಿ ಅನ್ನೋ ಸರ್ಕಾರಿ ಮಾಧ್ಯಮಿಕ ಶಾಲೆ ಇದೆ. ಎಂಬತ್ತರ ದಶಕದ ಕೊನೆಗೆ ಅಲ್ಲಿನ ಮಕ್ಕಳನ್ನು ಹಿಡಿಯೋದೇ ಕಷ್ಟವಾಗಿತ್ತು. ಹೆಡ್‌ಮಾಸ್ಟರ್ ಕೊಜಿಮಾ ನೊಬೊರು, ಹಾಡಿನಿಂದಲೇ ಈ ಶಾಲೆಯನ್ನು ಸರಿಮಾಡೋಣ ಅಂತ ಹೊರಟರು. ಸಂಗೀತದ ಟೀಚರ್ ಸಕಾಮೊತೊ ಹಿರೊಮಿ ಜೊತೆಗೆ ನಿಂತರು. ಮೊದಮೊದಲು ಹಾಡಲು ಒಪ್ಪದ ಮಕ್ಕಳು ಬರಬರುತ್ತಾ ಹಾಡತೊಡಗಿದರು. 1991ರಲ್ಲಿ, ಹೊರಡಲಿದ್ದ ಮಕ್ಕಳಿಗೆ ಏನಾದರೂ ಕೊಡಬೇಕು, ನೀವು ಸಾಹಿತ್ಯ ಬರೆದುಕೊಡಿ ಅಂತ ಸಕಾಮೊತೊ ಹೆಡ್‌ಮಾಸ್ಟರನ್ನು ಕೇಳಿದರು. ಅದೆಲ್ಲ ನನ್ನ ಕೈಲಾಗಲ್ಲ ಅಂದ ಮನುಷ್ಯ ಮರುದಿನ ಬೆಳಿಗ್ಗೆ ಬರೆದ ಹಾಳೆಯನ್ನು ಅವರ ಮೇಜಿನ ಮೇಲಿಟ್ಟಿದ್ದರು. ರಾಗ ಹಾಕಿದ್ದಾಯಿತು. ಬೀಳ್ಕೊಡುಗೆ ಸಭೆಯಲ್ಲಿ ಟೀಚರ್‌ಗಳೆಲ್ಲಾ ಸಾಲಾಗಿ ನಿಂತು ಮಕ್ಕಳಿಗಾಗಿ ಅದನ್ನು ಹಾಡಿದರು. ಆ ಒಂದು ದಿನಕ್ಕೆ ಅಂತಲೇ ಮಾಡಿದ ಹಾಡು ಅದು. ಅದೇ ವಸಂತದಲ್ಲಿ ಕೊಜಿಮಾ ನಿವೃತ್ತರೂ ಆದರು. ಹಾಡು ಮಾತ್ರ ಶಾಲೆಯಿಂದ ಶಾಲೆಗೆ ದಾಟಿ ಇವತ್ತು ದೇಶದ ತುಂಬ ಹಾಡುವ ಬೀಳ್ಕೊಡುಗೆ ಹಾಡಾಗಿದೆ.

ಇಲ್ಲಿ ದಿಕ್ಕು ಬದಲಾಗಿದ್ದನ್ನು ಗಮನಿಸಿ. ಹಾಡಿದವರು ಅಲ್ಲೇ ಉಳಿಯುವವರು, ಕೇಳಿಸಿಕೊಂಡವರು ಹೊರಟವರು. ಆ ಟೀಚರ್‌ಗಳೂ ಕಷ್ಟಪಟ್ಟು ಹೇಳಿಕೊಟ್ಟವರೇ. ಲೆಕ್ಕ ಹಾಕಿದರೆ ಅವರಿಗೇ ಬರಬೇಕಾದ ಬಾಕಿ ಜಾಸ್ತಿ. ಆದರೂ ಆ ದಿನ ತಾವೇ ಕೊಟ್ಟರು. ಏನು ಕೊಟ್ಟರು ಅಂದರೆ, ನನ್ನ ಮಟ್ಟಿಗೆ, ಹೋಗುವುದಕ್ಕೆ ಒಪ್ಪಿಗೆ. ಹೋಗುವವರು ಹೇಗೂ ಹೋಗೇ ಹೋಗ್ತಾರೆ, ನಮ್ಮ ಒಪ್ಪಿಗೆ ಯಾರಿಗೆ ಬೇಕು ಅನ್ನಬಹುದು. ಆದರೆ ನಮ್ಮ ಒಪ್ಪಿಗೆ ಇಲ್ಲದೆ ಹೋದವರು ಒಂದು ಸಣ್ಣ ತಪ್ಪಿತಸ್ಥ ಭಾವವನ್ನು ಲಗೇಜಿನ ಜೊತೆ ಹೊತ್ತುಕೊಂಡು ಹೋಗ್ತಾರೆ. ಹೊಸ ಊರು, ಹೊಸ ಭಾಷೆ, ಗೊತ್ತಿಲ್ಲದ ಜನ, ಅದರ ಮೇಲೆ ಇದೂ ಒಂದು. ಅದನ್ನು ಇಳಿಸಿ ಕಳಿಸೋದು ಹಿಂದೆ ಉಳಿಯುವವರಿಂದ ಮಾತ್ರ ಆಗುವ ಕೆಲಸ. ನೋಟಿಸ್ ಪೀರಿಯಡ್ಡಿನ ಚೆಕ್‌ಲಿಸ್ಟಿನಲ್ಲಿ ಲ್ಯಾಪ್‌ಟಾಪ್, ಐಡಿ ಕಾರ್ಡ್ ಎಲ್ಲ ಇರುತ್ತೆ, ಇದು ಇರಲ್ಲ.

ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು. ಬಾಗಿಲು ದಾಟುವಾಗ ‘ಹೋಗ್ತೀನಿ’ ಅಂದರೆ ಬೈಸಿಕೊಳ್ಳುತ್ತಿದ್ದೆವು, ‘ಹೋಗಿ ಬರ್ತೀನಿ’ ಅನ್ನಬೇಕಿತ್ತು. ಜಪಾನಿನಲ್ಲೂ ಮನೆಯಿಂದ ಹೊರಡುವವರು ‘ಇತ್ತೆಕಿಮಾಸು’ ಅಂತಾರೆ. ಅದನ್ನು ಬಿಡಿಸಿದರೆ ಅಕ್ಷರಶಃ ನಮ್ಮದೇ ಮಾತು, ಹೋಗಿ ಬರ್ತೀನಿ. ಒಳಗಿದ್ದವರು ಸುಮ್ಮನಿರುವ ಹಾಗಿಲ್ಲ. ‘ಇತ್ತೆರಾಶ್ಶಾಯ್’ ಅನ್ನಬೇಕು, ಹೋಗಿ ಬಾ. ಎರಡೂ ಭಾಷೆಯಲ್ಲಿ ವಿದಾಯ ಅಂದರೆ ಇಬ್ಬರು ಸೇರಿ ಆಡಬೇಕಾದ ಮಾತು. ಅವಳು ತನ್ನ ಪಾಲಿನದನ್ನು ಜನವರಿಯಲ್ಲೇ ಆಡಿದ್ದಳು.

ಹಾಗಾದರೆ ಕ್ಯಾಲೆಂಡರ್ ನೋಡಿ ಅಳೋದರ ಕಥೆ? 2020ರ ಫೆಬ್ರವರಿ ಕೊನೆಗೆ ಕೋವಿಡ್ ಕಾರಣದಿಂದ ದೇಶದ ಶಾಲೆಗಳನ್ನೆಲ್ಲ ಮುಚ್ಚುವಂತೆ ಅಲ್ಲಿನ ಪ್ರಧಾನಿ ಕೇಳಿಕೊಂಡರು. ಎಷ್ಟೋ ಶಾಲೆಗಳಲ್ಲಿ ಆ ಮಾರ್ಚ್‌ನ ಸಮಾರಂಭ ಚುಟುಕಾಯಿತು, ಒಟ್ಟಿಗೆ ಹಾಡೋದು ನಿಂತಿತು. ಮಕ್ಕಳಿಗೆ ಸರ್ಟಿಫಿಕೇಟ್ ಏನೋ ಸಿಕ್ಕಿತು. ದಿನ ಗೊತ್ತುಮಾಡಿ ಹಾಡಿಸೋದು ನಾಟಕ ಅಂತಿದ್ದ ನನಗೆ ಇದನ್ನು ಓದಿದಾಗ ಬೇರೇನೋ ಹೊಳೀತು. ಮನಸ್ಸು ತಾನಾಗಿ ತುಂಬಿ ಬಂದಾಗ ಹೇಳೋಣ ಅಂತ ಕಾಯುವವರಲ್ಲಿ ನನ್ನಂಥವರೇ ಜಾಸ್ತಿ. ಅಷ್ಟರಲ್ಲಿ ಎದುರಿನವರ ಕ್ಯಾಬ್ ಬಂದಿರುತ್ತೆ. ದಿನ ಅಂತ ಒಂದು ಇದ್ದರೆ, ಹಾಡು ಅಂತ ಒಂದು ಇದ್ದರೆ, ಹೊಟ್ಟೆಯುರಿ ಇದ್ದವನೂ ಬಂದು ಸಾಲಿನಲ್ಲಿ ನಿಲ್ಲಲೇಬೇಕು. ಬಾಯಿ ತೆರೆಯಲೇಬೇಕು. ಹಾಡ್ತಾ ಹಾಡ್ತಾ ಅವನಿಗೂ ಅರ್ಥ ಆದೀತು. ಆಗದಿದ್ದರೂ ಹೋಗುವವರ ಕಿವಿಗೆ ಹಾಡಂತೂ ಬಿದ್ದಿರುತ್ತೆ.

ಮೊನ್ನೆ ಅವಳಿಗೆ ಬರೆದೆ. ಒಸಾಕಾದಲ್ಲಿ ಹೂವೆಲ್ಲ ಉದುರಿ ಎಷ್ಟೋ ದಿನ ಆಗಿರಬೇಕು, ತಡವಾಯಿತು ಅಂತ ಗೊತ್ತು. ಚೆನ್ನಾಗಿ ಕೆಲಸ ಮಾಡಿದೆ, ನೀನು ಹೋಗಿದ್ದು ಸರಿ, ಹೋಗಿ ಬಾ ಅಂತ ಬರೆದೆ. ಕೊನೆಗೆ, ಆ ದಿನ ನನಗೆ ಯಾವ ಕಾಲೂ ಇರಲಿಲ್ಲ ಅಂತಲೂ.

ಹತ್ತು ನಿಮಿಷದಲ್ಲಿ ಉತ್ತರ ಬಂತು. ‘ಗೊತ್ತು. ಆ ರೂಮಿಗೆ ಗಾಜಿನ ಗೋಡೆ ಅಲ್ವಾ. ನಿಮ್ಮ ಪಾಲಿನ ಕೇಕ್ ಡೆಸ್ಕ್ ಮೇಲೆ ಇಟ್ಟು ಬಂದಿದ್ದೆ, ತಿಂದ್ರಾ?’