ಕೊರಿಮಾ: ಭಿಕ್ಷೆಯೋ, ಪಾಲೋ?

ಇಲ್ಲದವನು ಉಳ್ಳವನ ಬಾಗಿಲಿಗೆ ಬಂದು ಕೈಯೊಡ್ಡಿದರೆ ಅದು ಭಿಕ್ಷೆ. ಕೊಟ್ಟವನಿಗೆ ಪುಣ್ಯ, ಕೊಂಡವನಿಗೆ ಋಣ ಎಂಬುದು ಲೋಕದ ಎಣಿಕೆ. ಈ ಎಣಿಕೆಯನ್ನೊಪ್ಪದ ಜನಾಂಗವೊಂದು ಮೆಕ್ಸಿಕೋ ದೇಶದ ಚಿವಾವಾ ರಾಜ್ಯದ ಬೆಟ್ಟಗಳಲ್ಲಿಯೂ ಆಳವಾದ ಕಮರಿಗಳಲ್ಲಿಯೂ ವಾಸಿಸುತ್ತಿದೆ. ಹೊರಗಿನವರು ಅವರನ್ನು ತಾರಾಹುಮಾರಾ ಎನ್ನುವರು. ಅವರು ತಮ್ಮನ್ನು ರರಾಮುರಿ ಎಂದು ಕರೆದುಕೊಳ್ಳುವರು.

ಅವರ ಬಾಳಿಗೆ ಮೆಕ್ಕೆಜೋಳವೇ ಆಧಾರ. ಅದನ್ನು ಹುರಿದು, ಕಲ್ಲಿನ ಮೇಲೆ ಅರೆದು ಮಾಡಿದ ಪಿನೋಲೆ ಎಂಬ ಹುರಿಹಿಟ್ಟನ್ನು ನೀರಿನಲ್ಲಿ ಕದಡಿ ಕುಡಿಯುವರು. ದೂರದ ದಾರಿಗೆ ಬುತ್ತಿಯೂ ಅದೇ. ಜೊತೆಗೆ ಬೀನ್ಸ್ ಕಾಳು, ಕುಂಬಳ, ಮಾಂಸವು ಅಪರೂಪ. ನೆಲವು ಕಡಿದಾದುದು, ಮಳೆಯು ನೆಚ್ಚಲಾಗದುದು. ಒಬ್ಬನ ಕಣಜ ತುಂಬಿದ ವರ್ಷವೇ ನೆರೆಯವನದು ಬರಿದಾಗಬಹುದು. ಆಗ ಬರಿಗೈಯವನು ನೆರೆಮನೆಗೆ ಹೋಗಿ 'ಕೊರಿಮಾ' ಎನ್ನುವನು. ಹಂಚಿಕೊಳ್ಳೋಣ ಎಂಬುದು ಅದರ ಭಾವ. ಕೇಳಿದವನಿಗೆ ನಾಚಿಕೆಯಿಲ್ಲ, ಕೊಟ್ಟವನು ಲೆಕ್ಕವಿಡುವುದಿಲ್ಲ. ಇದ್ದೂ ಕೊಡದಿರುವುದೇ ಅಲ್ಲಿ ದೋಷ.

ಹೊಲದ ಕೆಲಸಕ್ಕೂ ನೆರೆಯವರು ಕೂಲಿಯಿಲ್ಲದೆ ಬರುವರು. ಮನೆಯವನು ಮೊಳೆತ ಜೋಳವನ್ನು ಹುದುಗಿಸಿದ ತೆಸ್ಗುಯಿನೋ ಎಂಬ ಪಾನೀಯವನ್ನು ಕೊಡುವನು. ಅದು ಅಮಲಿನದೇ, ಅದರಿಂದ ಜಗಳಗಳಾಗುವುದೂ ಉಂಟು, ಮರೆಮಾಚಬೇಕಾದುದಿಲ್ಲ.

ಲೋಕಕ್ಕೆ ಅವರ ಪರಿಚಯವಾದುದು ಓಟದಿಂದ. 1993ರಲ್ಲಿ ಅಮೆರಿಕದ ಲೆಡ್‌ವಿಲ್‌ನಲ್ಲಿ ನಡೆದ 100 ಮೈಲಿಗಳ ಪಂದ್ಯವನ್ನು ಐವತ್ತು ದಾಟಿದ ವಿಕ್ಟೋರಿಯಾನೋ ಚುರ್ರೋ ಎಂಬವರು ಗೆದ್ದರು; 1994ರಲ್ಲಿ ಹುವಾನ್ ಹೆರೇರಾ ಎಂಬವರು. ಅವರ ಕಾಲಲ್ಲಿದ್ದುದು ಹಳೆಯ ಟೈರಿನಿಂದ ಕತ್ತರಿಸಿದ ಪಾದರಕ್ಷೆ. ಆದರೆ ತಮ್ಮ ಬೆಟ್ಟಗಳಲ್ಲಿ ರರಾಮುರಿಗಳು ಒಬ್ಬಂಟಿಯ ಗೆಲುವಿಗಾಗಿ ಓಡುವವರಲ್ಲ. 'ರರಾಹಿಪಾರಿ'ಯಲ್ಲಿ ಮರದ ಚೆಂಡೊಂದನ್ನು ಕಾಲಿನಿಂದ ಚಿಮ್ಮುತ್ತ ಇಡೀ ತಂಡವು ಗಂಟೆಗಟ್ಟಲೆ, ಕೆಲವೊಮ್ಮೆ ಪಂಜಿನ ಬೆಳಕಿನಲ್ಲಿ ರಾತ್ರಿಯಿಡೀ ಓಡುವುದು. ಸ್ತ್ರೀಯರು ಕೋಲಿನಿಂದ ಬಳೆಯನ್ನೆಸೆದು ಓಡುವರು. ಊರಿನವರು ತಮ್ಮ ತಂಡದ ಮೇಲೆ ಪಣವೊಡ್ಡುವರು.

2011ರ ಘೋರ ಬರಗಾಲದಂತಹ ಸಮಯಗಳಲ್ಲಿ ಅನೇಕ ಕುಟುಂಬಗಳು ನಗರಕ್ಕಿಳಿಯುತ್ತವೆ. ಅಲ್ಲಿ ಬಣ್ಣಬಣ್ಣದ ಅಗಲ ಲಂಗವನ್ನುಟ್ಟ ತಾಯಿ ಬೀದಿಯಲ್ಲಿ ಕೈನೀಡಿ 'ಕೊರಿಮಾ' ಎನ್ನುತ್ತಾಳೆ. ನಗರವಾಸಿಗೆ ಅದು ಭಿಕ್ಷೆಯೆಂದೇ ಕೇಳಿಸುತ್ತದೆ. ಅವನನ್ನು ಸುಲಭವಾಗಿ ಹಳಿಯಲೂ ಆಗದು: ಹಳ್ಳಿಯಲ್ಲಿ ಈ ವರ್ಷ ಕೊಟ್ಟವನು ಮುಂದಿನ ವರ್ಷ ಕೇಳುವವನಾಗಬಹುದು, ನಗರದವನು ಅವಳ ಬಾಗಿಲಿಗೆ ಎಂದೂ ಹೋಗುವವನಲ್ಲ. ಕೊಟ್ಟುಕೊಳ್ಳುವ ಸಂಬಂಧವಿಲ್ಲದೆಡೆ ಪಾಲಿನ ಹಕ್ಕು ಎಲ್ಲಿಯದು?

ಈ ಆಕ್ಷೇಪವು ಬಲವಾದುದೇ. ಆದರೆ ಸಂಬಂಧವಿಲ್ಲವೆಂಬ ಮಾತು ನಿಜವಲ್ಲ. ಬೆಟ್ಟಗಳನ್ನು ಸೀಳಿ ಸಮುದ್ರತೀರವನ್ನು ಮುಟ್ಟುವ ರೈಲುದಾರಿಯು 1961ರಲ್ಲಿ ಪೂರ್ಣಗೊಂಡಿತು. ರರಾಮುರಿಗಳ ಕಾಡಿನ ದೇವದಾರುಜಾತಿಯ ಮರಗಳು ದಶಕಗಳ ಕಾಲ ಕೆಳಗಿಳಿದುವು. ಅವುಗಳ ಬೆಲೆಯ ಬಹುಭಾಗವು ಬೆಟ್ಟದವರ ಕೈಸೇರಲಿಲ್ಲ.